ಮನೆಯಂಗಳಕ್ಕೆ ಕಿತ್ತಳೆ ಗಿಡ: ತಳಿ ಗುರುತಿಸುವುದು, ಕೊಳ್ಳುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿದು ಎರಡು ಮಳೆ ಬಿದ್ದರೆ ಸಾಕು, ಪರಿಚಯದವರಿಂದ ನನಗೆ ಫೋನು ಬರಲು ಶುರು: "ಕಿತ್ತಳೆ ಗಿಡ ಹಾಕಬೇಕು, ಯಾವುದು ತರಲಿ?" ಐದಾರು ವರ್ಷ ಕಳೆದ ಮೇಲೆ ಅದೇ ಜನರ ಇನ್ನೊಂದು ಫೋನು: "ಹಣ್ಣೇನೋ ಬಿಟ್ಟಿದೆ, ಬಾಯಿಗಿಡಕ್ಕಾಗಲ್ಲ." ಈ ಎರಡು ಫೋನುಗಳ ನಡುವೆ ಕಳೆದುಹೋಗುವ ವರ್ಷಗಳನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಟೊಮೆಟೊ ಕೈಕೊಟ್ಟರೆ ಮೂರು ತಿಂಗಳು ಹೋಯಿತು ಅಂದುಕೊಳ್ಳಬಹುದು. ಕಿತ್ತಳೆ ಕೈಕೊಟ್ಟರೆ ಮಗು ಶಾಲೆ ಸೇರುವಷ್ಟು ಕಾಲ ಹೋಗಿರುತ್ತದೆ. ಹಾಗಾಗಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಿತ್ತಳೆ, ಸಂತ್ರ, ಮೋಸಂಬಿ, ಆರೆಂಜ್ – ಎಲ್ಲ ಒಂದೇನಾ?

ಅಲ್ಲ. ಸಿಪ್ಪೆ ಸಡಿಲವಾಗಿದ್ದು, ಬೆರಳಲ್ಲೇ ಸುಲಿದು, ತೊಳೆ ಬಿಡಿಸಿ ತಿನ್ನುವಂಥದ್ದು ಕಿತ್ತಳೆ. ಮ್ಯಾಂಡರಿನ್ ಅನ್ನುವುದೂ ಇದಕ್ಕೇ. ಸಂತ್ರ ಎಂದರೆ ನಾಗಪುರದ ಕಡೆಯ ಕಿತ್ತಳೆ. ಮೋಸಂಬಿ, ಸಾತ್‌ಗುಡಿ ಬೇರೆ ಜಾತಿ. ಅವುಗಳ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಸುಲಿಯಲು ಚಾಕು ಬೇಕು, ರಸ ಹಿಂಡಲು ಹೇಳಿಮಾಡಿಸಿದ ಹಣ್ಣು. ಕಿತ್ತಳೆಗೂ ಚಕ್ಕೋತಕ್ಕೂ ಎಂದೋ ಆದ ಬೆರಕೆಯಿಂದ ಈ ಸಿಹಿ ಕಿತ್ತಳೆಯ ವಂಶ ಹುಟ್ಟಿದೆ.

ನರ್ಸರಿಯಲ್ಲಿ "ಆರೆಂಜ್ ಗಿಡ ಕೊಡಿ" ಅಂದರೆ ಇದರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. "ಕೊಡಗಿನ ಕಿತ್ತಳೆ" ಅಥವಾ "ನಾಗಪುರ ಸಂತ್ರ" ಎಂದು ಹೆಸರು ಹಿಡಿದು ಕೇಳಿ.

ಕರ್ನಾಟಕದಲ್ಲಿ ಮನೆ ಹಿತ್ತಲಿಗೆ ಯಾವ ತಳಿ ಒಳ್ಳೆಯದು?

ಊರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕಿತ್ತಳೆಗೆ ಸ್ವಲ್ಪ ಎತ್ತರದ ಜಾಗ, ತಂಪು ರಾತ್ರಿ, ನೀರು ನಿಲ್ಲದ ಮಣ್ಣು ಇಷ್ಟ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆಯವರು ಎರಡನೇ ಯೋಚನೆ ಮಾಡದೆ ಕೊಡಗಿನ ಕಿತ್ತಳೆ ಹಾಕಿ. ಕಾಫಿ ತೋಟದ ನೆರಳು ಬಿಸಿಲಿನ ನಡುವೆ ತಲೆಮಾರುಗಳಿಂದ ಬೆಳೆದು ಬಂದ ತಳಿ ಅದು. ಊರಿನ ಹೆಸರಿಗೆ ಕೊಡುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಅಲ್ಲಿ ವರ್ಷಕ್ಕೆ ಎರಡು ಫಸಲು ಕಾಣಬಹುದು, ಮಳೆಗಾಲದ್ದೊಂದು, ಚಳಿಗಾಲದ್ದೊಂದು. ಮಳೆಗಾಲದ ಹಣ್ಣು ನೀರುನೀರು. ಚಳಿಯಲ್ಲಿ ಬಣ್ಣ ಕಟ್ಟಿದ ಹಣ್ಣಿನ ರುಚಿಯೇ ಬೇರೆ, ಆ ಸಿಹಿಯೊಳಗೆ ಒಂದೆಳೆ ಹುಳಿ ಇದ್ದೇ ಇರುತ್ತದೆ. ನನ್ನ ಬಾಯಿಗೆ ಅದರ ಸಮ ಇನ್ನೊಂದಿಲ್ಲ.

ಬೆಂಗಳೂರು, ಮೈಸೂರು, ಹಾಸನದ ಬಯಲಿನಲ್ಲೂ ಕೊಡಗಿನ ಕಿತ್ತಳೆ ಬರುತ್ತದೆ. ನೀರಿನ ಕಡೆ ಗಮನವಿರಬೇಕು. ಇಲ್ಲಿ ನಾಗಪುರ ಸಂತ್ರವನ್ನೂ ಪ್ರಯತ್ನಿಸಬಹುದು. ಉತ್ತರ ಕರ್ನಾಟಕದ ಒಣ ಬಿಸಿಲಿಗೆ, ನೀರು ಬಸಿಯುವ ಕಪ್ಪು ನೆಲಕ್ಕೆ, ನಾಗಪುರ ಸಂತ್ರವೇ ಹತ್ತಿರದ ಆಯ್ಕೆ. ಅದರ ತವರಾದ ವಿದರ್ಭದಲ್ಲಿ ನೆಲವೂ ಬಿಸಿಲೂ ಹೆಚ್ಚುಕಡಿಮೆ ಹೀಗೇ ಇವೆ.

ಕರಾವಳಿಯವರಿಗೆ ಕಿತ್ತಳೆಯ ಆಸೆ ತೋರಿಸಲು ನನಗೆ ಮನಸ್ಸಿಲ್ಲ. ಗಿಡ ಬದುಕೀತು, ಆದರೆ ಸೆಕೆಯ ರಾತ್ರಿಗಳಲ್ಲಿ ಹಣ್ಣಿಗೆ ಬಣ್ಣವೇ ಬರುವುದಿಲ್ಲ, ಸುರಿಯುವ ಮಳೆಗೆ ಬೇರು ಕೊಳೆಯುವ ಭಯ ಬೇರೆ. ಅಲ್ಲಿ ಚಕ್ಕೋತ ಹಾಕಿ, ಸಂತೋಷವಾಗಿರುತ್ತೀರಿ.

ಕಿನ್ನೋ ಬಗ್ಗೆಯೂ ಕೇಳುತ್ತಾರೆ. ಅದು ಕಿಂಗ್ ಮತ್ತು ವಿಲ್ಲೋ ಲೀಫ್ ಎಂಬ ಎರಡು ಕಿತ್ತಳೆಗಳನ್ನು ಕೂಡಿಸಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಚ್.ಬಿ. ಫ್ರಾಸ್ಟ್ ಬೆಳೆಸಿದ ತಳಿ, 1935ರಲ್ಲಿ ಬಿಡುಗಡೆಯಾಯಿತು. ನೆಲೆ ಕಂಡುಕೊಂಡಿದ್ದು ಪಂಜಾಬಿನ ಬಯಲಿನಲ್ಲಿ. ಅಲ್ಲಿನ ಕೊರೆಯುವ ಚಳಿ ನಮ್ಮಲ್ಲಿಲ್ಲ. ಕುತೂಹಲಕ್ಕೆ ಒಂದು ಗಿಡ ಹಾಕಬಹುದು. ಇರುವುದೇ ಒಂದು ಗಿಡದ ಜಾಗ ಎಂದಾದರೆ ಬೇಡ.

ಹಣ್ಣಿಲ್ಲದ ಸಣ್ಣ ಗಿಡ ನೋಡಿ ತಳಿ ಹೇಳಬಹುದಾ?

ಕೊಡಗಿನದೋ ನಾಗಪುರದ್ದೋ ಎಂದು ಎಲೆ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಒಂದಡಿ ಎತ್ತರದ ಗಿಡದಲ್ಲಿ ಅದು ಆಗುವ ಮಾತಲ್ಲ. ಆದರೆ ಅದು ಕಿತ್ತಳೆಯೇ, ನಿಂಬೆ ವಂಶದ ಬೇರೇನಾದರೂ ಹೌದೇ ಎಂದು ತಿಳಿಯಲು ದಾರಿಗಳಿವೆ.

ಮೊದಲು ಎಲೆಯ ತೊಟ್ಟು ನೋಡಿ. ನಿಂಬೆ ಜಾತಿಯ ಅನೇಕ ಗಿಡಗಳಲ್ಲಿ ತೊಟ್ಟಿನ ಎರಡೂ ಬದಿಗೆ ಪುಟ್ಟ ರೆಕ್ಕೆ ಇರುತ್ತದೆ. ಚಕ್ಕೋತದಲ್ಲಿ ಅದು ಇನ್ನೊಂದು ಸಣ್ಣ ಎಲೆಯಂತೆಯೇ ಅಗಲವಾಗಿರುತ್ತದೆ. ಕಿತ್ತಳೆಯಲ್ಲಿ ಗೆರೆ ಎಳೆದಷ್ಟು ಕಿರಿದು. ಕಿತ್ತಳೆ ಎಲೆ ಈಟಿಯ ತುದಿಯಂತೆ ಉದ್ದ ಮತ್ತು ಕಿರಿದು, ಮೋಸಂಬಿ ಎಲೆ ಅದಕ್ಕಿಂತ ದೊಡ್ಡದು ಮತ್ತು ಅಗಲ.

ಆಮೇಲೆ ಎಳೆ ಚಿಗುರು. ಇದನ್ನು ತಪ್ಪದೆ ನೋಡಿ. ಕಿತ್ತಳೆಯ ಚಿಗುರು ತಿಳಿ ಹಸಿರು, ಮೊಗ್ಗು ಬಿಳಿ. ಚಿಗುರಿನಲ್ಲೋ ಮೊಗ್ಗಿನಲ್ಲೋ ನೇರಳೆ ಛಾಯೆ ಕಂಡರೆ ಅದು ರಂಗಪುರ ನಿಂಬೆಯೋ ಜಂಬೇರಿಯೋ ಇರಬೇಕು. ಇವೆರಡೂ ಕಸಿಗೆ ಕೆಳಗಿನ ಬೇರುಗಿಡವಾಗಿ ಬಳಸುವ ಜಾತಿಗಳು. ಗಿಡದ ಮೇಲ್ಭಾಗದಲ್ಲಿ ಆ ಬಣ್ಣ ಕಂಡರೆ ಕಸಿ ಸತ್ತು ಕೆಳಗಿನದು ಬೆಳೆದಿದೆ ಎಂದೇ ಲೆಕ್ಕ.

ಎಲೆ ಒಂದನ್ನು ಹಿಸುಕಿ ಮೂಸಿಯೂ ನೋಡಿ. ಕಿತ್ತಳೆ ಎಲೆಗೆ ಕಿತ್ತಳೆ ಸಿಪ್ಪೆಯದೇ ಘಮ, ನಿಂಬೆ ಎಲೆಗೆ ನಿಂಬೆಯದು. ಒಂದೆರಡು ಸಲ ಮೂಸಿದರೆ ಮೂಗಿಗೆ ರೂಢಿಯಾಗುತ್ತದೆ. ನಮ್ಮ ಅಜ್ಜಿಗೆ ಕತ್ತಲಲ್ಲೂ ಹೆರಳೆ ಎಲೆ ಯಾವುದು, ಕಿತ್ತಳೆ ಎಲೆ ಯಾವುದು ಅಂತ ತಿಳಿಯುತ್ತಿತ್ತು.

ಹಣ್ಣು ಕೈಯಲ್ಲಿದ್ದರೆ?

ಆಗ ಕೆಲಸ ಹಗುರ. ಸುಲಿಯಿರಿ, ತೊಳೆ ಎಣಿಸಿ, ಬೀಜ ಎಣಿಸಿ. ಕೊಡಗಿನ ಕಿತ್ತಳೆ ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ, ಹೊಳೆಯುವ ಕೇಸರಿ ಬಣ್ಣ, 9ರಿಂದ 11 ತೊಳೆ. ಬೀಜ ಮಾತ್ರ ಧಾರಾಳ, ಹದಿನಾಲ್ಕಕ್ಕಿಂತ ಕಡಿಮೆ ಸಿಗುವುದು ಅಪರೂಪ. ನಾಗಪುರ ಸಂತ್ರದಲ್ಲಿ 10ರಿಂದ 12 ತೊಳೆ, ಬೀಜ ಆರೇಳು, ಸಿಪ್ಪೆ ತುಂಬ ಸಡಿಲ. ಕಿನ್ನೋ ಹಣ್ಣಿನ ಸಿಪ್ಪೆ ನುಣುಪು, ಕಿತ್ತಳೆಯಾದರೂ ತಿರುಳಿಗೆ ಬಿಗಿಯಾಗಿ ಹತ್ತಿಕೊಂಡಿರುತ್ತದೆ, ಗಾತ್ರಕ್ಕೆ ಮೀರಿದ ತೂಕ, ತುಂಬ ರಸ, ತುಂಬ ಬೀಜ. ಜನವರಿ, ಫೆಬ್ರವರಿಯಲ್ಲಿ ನಮ್ಮ ತಳ್ಳುಗಾಡಿಗಳಲ್ಲಿ "ಆರೆಂಜ್" ಅಂತ ಮಾರುವ ಹೊಳಪಿನ ಹಣ್ಣುಗಳಲ್ಲಿ ಇದೇ ಹೆಚ್ಚು.

ಹಸಿರಾಗಿದೆ ಎಂದು ಹಣ್ಣನ್ನು ತಳ್ಳಿಹಾಕಬೇಡಿ. ರಾತ್ರಿ ತಂಪಾಗದ ಊರಲ್ಲಿ ಕಿತ್ತಳೆ ಒಳಗೆ ಮಾಗಿದ್ದರೂ ಹೊರಗೆ ಹಸಿರಾಗಿಯೇ ಉಳಿಯಬಹುದು.

ನಮ್ಮ ಗಿಡದ ಹಣ್ಣು ನೋಡಲು ಥೇಟ್ ಕಿತ್ತಳೆ, ಸಿಪ್ಪೆಯೂ ಸಡಿಲ. ತಿಂದರೆ ಹಲ್ಲು ಚುಳ್ ಅನ್ನುವಷ್ಟು ಹುಳಿ. ಗೊಬ್ಬರ ಕಡಿಮೆಯಾಯಿತಾ?

ಇಲ್ಲ. ಅದು ಕಿತ್ತಳೆಯಲ್ಲ, ರಂಗಪುರ ನಿಂಬೆ.

ಇದು ನನಗೇ ಆದದ್ದು. ಒಂದು ನರ್ಸರಿಯಿಂದ ಎರಡು ಕಸಿ ಗಿಡ ತಂದು ಹಿತ್ತಲಲ್ಲಿ ನೆಟ್ಟಿದ್ದೆ. ಒಂದು ನಿಧಾನ, ಇನ್ನೊಂದು ವರ್ಷದಲ್ಲೇ ನನ್ನ ಎತ್ತರ. ಜೋರಾಗಿ ಬೆಳೆದದ್ದನ್ನೇ ಮುದ್ದು ಮಾಡಿದೆ, ಅದಕ್ಕೇ ಹೆಚ್ಚು ಗೊಬ್ಬರ ಹಾಕಿದೆ. ನಾಲ್ಕನೇ ವರ್ಷ ಗೊಂಚಲು ಗೊಂಚಲು ಕೇಸರಿ ಹಣ್ಣು ಬಿಟ್ಟಿತು. ಮಕ್ಕಳನ್ನು ಕರೆದು ಮೊದಲ ಹಣ್ಣು ಸುಲಿದು ಕೊಟ್ಟೆ. ಅವರ ಮುಖ ನೋಡಿ ನನಗೆ ಅಳು ಬಂತು. ಬುಡ ಕೆದಕಿ ನೋಡಿದರೆ ಕಸಿ ಗಂಟಿನ, ಅಂದರೆ ಬೇರುಗಿಡಕ್ಕೆ ಕಿತ್ತಳೆ ಕೂಡಿಸಿದ ಜಾಗದ, ಮೇಲಿನ ಭಾಗ ಎಂದೋ ಒಣಗಿ ಹೋಗಿತ್ತು, ನಾನು ಸಾಕಿದ್ದು ಕೆಳಗಿನಿಂದ ಹೊರಟ ಕವಲನ್ನು. ನಿಧಾನವಾಗಿ ಬೆಳೆದ ಗಿಡವೇ ನಿಜವಾದ ಕಿತ್ತಳೆ.

ಕಸಿ ಗಂಟಿನ ಕೆಳಗಿನಿಂದ ಬರುವ ಪ್ರತಿ ಚಿಗುರನ್ನೂ ಎಳೆಯದಾಗಿದ್ದಾಗಲೇ ಬೆರಳಿನಿಂದ ಮುರಿದು ತೆಗೆಯಿರಿ. ಬೇರುಗಿಡ ಟ್ರೈಫೋಲಿಯೇಟ್ ಜಾತಿಯದಾದರೆ ಅದರ ಎಲೆ ಬಿಲ್ವದಂತೆ ಮೂರು ದಳದ್ದು, ಗುರುತಿಸಲು ಸುಲಭ. ರಂಗಪುರವಾದರೆ ಮೇಲೆ ಹೇಳಿದ ನೇರಳೆ ಚಿಗುರೇ ಗುರುತು. ಹುಳಿ ಹಣ್ಣಿನ ಗಿಡ ಈಗಾಗಲೇ ದೊಡ್ಡದಾಗಿದ್ದರೆ ಕಡಿಯಬೇಕಾಗಿಲ್ಲ. ಬೇರು ಗಟ್ಟಿ ಇರುತ್ತದೆ, ಕಸಿ ಬಲ್ಲವರನ್ನು ಕರೆಸಿ ಒಳ್ಳೆಯ ಕಿತ್ತಳೆಯ ಕಣ್ಣು ಕೂಡಿಸಬಹುದು. ಹುಳಿ ಹಣ್ಣಿನ ಉಪ್ಪಿನಕಾಯಿಯೂ ಚೆನ್ನಾಗಿಯೇ ಆಗುತ್ತದೆ.

ಕುಂಡದಲ್ಲಿ ಪುಟ್ಟ ಗಿಡ, ಮೈತುಂಬ ಹಣ್ಣು. ಅದನ್ನೇ ಕೊಂಡರೆ?

ಗೋಲಿಗಿಂತ ಸ್ವಲ್ಪ ದೊಡ್ಡ ಹಣ್ಣು, ಒಂದೂವರೆ ಅಡಿ ಗಿಡ ಎಂದರೆ ಅದು ಕ್ಯಾಲಮಾಂಡಿನ್, ಚೈನೀಸ್ ಆರೆಂಜ್ ಅಂತಲೂ ಮಾರುತ್ತಾರೆ. ಚೆಂದದ ಗಿಡ. ಹಣ್ಣು ಹುಳಿ. ಪಾನಕಕ್ಕೆ, ಚಿತ್ರಾನ್ನಕ್ಕೆ ಆಗುತ್ತದೆ, ಸುಲಿದು ತಿನ್ನಲು ಅಲ್ಲ. ಹಾಗೆಂದು ತಿಳಿದು ಕೊಂಡರೆ ತಪ್ಪೇನಿಲ್ಲ.

ತಿಂದ ಹಣ್ಣಿನ ಬೀಜ ಹಾಕಿದರೆ ಅದೇ ರುಚಿ ಬರುತ್ತದಾ?

ಮಾವಿನ ಅನುಭವದ ಮೇಲೆ ಬಹಳ ಜನ "ಇಲ್ಲ" ಅನ್ನುತ್ತಾರೆ. ಕಿತ್ತಳೆಯ ವಿಷಯ ಹಾಗಲ್ಲ. ಕೊಡಗಿನ ಕಿತ್ತಳೆಯ ಒಂದು ಬೀಜ ಬಿತ್ತಿದರೆ ಎರಡು ಮೂರು ಸಸಿ ಏಳುವುದನ್ನು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಮರದ ಪಡಿಯಚ್ಚು. ಕೊಡಗಿನ ಹಳೆಯ ಮರಗಳು ಬಹುಪಾಲು ಹೀಗೆ ಬೀಜದಿಂದ ಬಂದವೇ. ನಿಂಬೆ ಜಾತಿಯ ದೊಡ್ಡ ರೋಗಗಳು ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ಕಷ್ಟ ಇರುವುದು ಕಾಯುವುದರಲ್ಲಿ. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ತೆಗೆದುಕೊಳ್ಳಬಹುದು, ಮೈಯೆಲ್ಲ ಮುಳ್ಳು, ಮರ ಎತ್ತರ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹಣ್ಣು ತೋರಿಸುತ್ತದೆ. ಹಿತ್ತಲು ದೊಡ್ಡದಿದ್ದು ವಯಸ್ಸು ನಿಮ್ಮ ಕಡೆಗಿದ್ದರೆ ಒಂದು ಕಸಿ, ಒಂದು ಬೀಜದ್ದು ಹಾಕಿ. ನಾನು ಹಾಗೆ ಮಾಡಿದ್ದೇನೆ. ಒಂದು ಎಚ್ಚರಿಕೆ: ಮಾಲ್‌ಗಳಲ್ಲಿ ಸಿಗುವ ಕ್ಲೆಮೆಂಟೈನ್ ಎಂಬ ಆಮದು ಕಿತ್ತಳೆಯ ಬೀಜಕ್ಕೆ ಈ ಗುಣವಿಲ್ಲ, ಒಂದೊಂದು ಸಸಿ ಒಂದೊಂದು ಥರ ಬರುತ್ತದೆ.

ನರ್ಸರಿಯಲ್ಲಿ ಗಿಡ ಆರಿಸುವಾಗ ಏನೇನು ನೋಡಬೇಕು?

ಬುಡದಿಂದ ಶುರುಮಾಡಿ. ಮಣ್ಣಿನಿಂದ ಒಂದು ಗೇಣಾದರೂ ಮೇಲೆ ಕಸಿ ಗಂಟು ಕಾಣಬೇಕು, ಅಲ್ಲಿ ಕಾಂಡ ಸ್ವಲ್ಪ ಸೊಟ್ಟಗಿರುತ್ತದೆ. ಗಂಟು ಮಣ್ಣಿಗೆ ತಾಗಿಕೊಂಡಿದ್ದರೆ ನೆಟ್ಟ ಮೇಲೆ ಬುಡ ಕೊಳೆರೋಗ ನೇರ ಮೇಲಿನ ಭಾಗಕ್ಕೇ ಹತ್ತುತ್ತದೆ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದುಕೊಂಡಿದ್ದರೆ ಬಿಡಿಸಿಕೊಡಲು ಹೇಳಿ. ಗಂಟೇ ಕಾಣದಿದ್ದರೆ ಅದು ಕಸಿ ಗಿಡವಲ್ಲ, ಎಷ್ಟೇ ಆಣೆ ಪ್ರಮಾಣ ಮಾಡಿದರೂ ಅಲ್ಲ.

"ಕೆಳಗಿನ ಬೇರುಗಿಡ ಯಾವುದು?" ಎಂದು ಕೇಳಿ. ದಕ್ಷಿಣದಲ್ಲಿ ರಂಗಪುರ ನಿಂಬೆಯ ಬಳಕೆ ಹೆಚ್ಚು, ಬರಕ್ಕೆ ಬಗ್ಗದ ಬೇರು. ಜಂಬೇರಿಯ ಮೇಲೆ ಕಟ್ಟಿದ ಗಿಡ ಬೇಗ ಮೈಬಿಡುತ್ತದೆ, ಆದರೆ ನೀರು ನಿಲ್ಲುವ ನೆಲದಲ್ಲಿ ಬುಡ ಕೊಳೆಗೆ ಬೇಗ ಸೋಲುತ್ತದೆ. ಟ್ರೈಫೋಲಿಯೇಟ್ ಕೊಳೆರೋಗವನ್ನು ತಡೆದುಕೊಳ್ಳುತ್ತದೆ, ಸುಣ್ಣದಂಶದ ಮಣ್ಣಿಗೆ ಆಗದು. ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವ ನರ್ಸರಿಯವರು ತಮ್ಮ ಗಿಡವನ್ನು ತಾವೇ ಕಸಿ ಮಾಡಿರುತ್ತಾರೆ ಅನ್ನುವುದು ನನ್ನ ಅನುಭವ. ತಡವರಿಸುವವರು ಎಲ್ಲಿಂದಲೋ ಲಾರಿಯಲ್ಲಿ ತರಿಸಿ ಮಾರುವವರು.

ಮುಂದೆ ಎಲೆ. ಎಲೆಯ ನಡು ನರದ ಆಚೆ ಈಚೆ ಹಳದಿ ಒಂದೇ ರೀತಿ ಹರಡಿ, ನರಗಳು ಮಾತ್ರ ಹಸಿರಾಗಿದ್ದರೆ ಅದು ಸತುವಿನ ಕೊರತೆ, ಸರಿಪಡಿಸಬಹುದು. ಒಂದು ಬದಿಯ ಹಳದಿ ಮಚ್ಚೆಗೂ ಇನ್ನೊಂದು ಬದಿಯದಕ್ಕೂ ತಾಳೆಯಾಗದೆ ಎಲೆ ಅಡ್ಡಾದಿಡ್ಡಿ ಬಣ್ಣಗೆಟ್ಟಿದ್ದರೆ ಆ ಗಿಡ ಮುಟ್ಟಬೇಡಿ, ಮದ್ದಿಲ್ಲದ ಗ್ರೀನಿಂಗ್ ರೋಗ ಇರಬಹುದು. ಎಲೆಯ ಮೇಲೆ ಬೆಳ್ಳಿ ಗೆರೆ ಎಳೆದಂತಿದ್ದರೆ ರಂಗೋಲಿ ಹುಳು, ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಕೊನೆಗೆ ಬೇರು. ಕವರಿನ ತಳದ ತೂತಿನಿಂದ ದಪ್ಪ ಬೇರು ಹೊರಬಂದಿದ್ದರೆ, ಅಥವಾ ಒಳಗೆ ಸುರುಳಿ ಸುತ್ತಿಕೊಂಡಿದ್ದರೆ, ಆ ಗಿಡ ಅಲ್ಲಿ ಬಹಳ ದಿನ ಕೂತಿದೆ. ಎತ್ತರದ ಗಿಡಕ್ಕೆ ಮರುಳಾಗಬೇಡಿ. ಎರಡಡಿಯ, ಪೆನ್ಸಿಲ್‌ಗಿಂತ ತುಸು ದಪ್ಪ ಕಾಂಡದ, ಮೂರ್ನಾಲ್ಕು ಕವಲಿನ ಗಿಡ ನೆಲಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹೂವು, ಕಾಯಿ ಬಿಟ್ಟ ಸಣ್ಣ ಗಿಡ ಕೊಂಡರೆ ಆ ಕಾಯಿ ಕಿತ್ತು ಹಾಕಿ ನೆಡಿ. ಕೈ ಬರುವುದಿಲ್ಲ ಗೊತ್ತು, ಆದರೂ ಕೀಳಿ.

ಎಲ್ಲಿ ಕೊಳ್ಳುವುದು? ಆನ್‌ಲೈನ್‌ನಲ್ಲಿ ತರಿಸಿದರೆ?

ಕೊಡಗಿನ ಕಿತ್ತಳೆಗೆ ನಾನು ಮೊದಲು ಹೇಳುವ ಹೆಸರು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ಇದು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಂಗ. ನಾಗಪುರ ಸಂತ್ರದ ವಿಷಯದಲ್ಲಿ ಆಳವಾಗಿ ಕೆಲಸ ಮಾಡಿರುವುದು ನಾಗಪುರದಲ್ಲೇ ಇರುವ ಕೇಂದ್ರೀಯ ನಿಂಬೆ ಜಾತಿ ಸಂಶೋಧನಾ ಸಂಸ್ಥೆ. ಜಿಲ್ಲೆಯ ತೋಟಗಾರಿಕೆ ಇಲಾಖೆಯ ನರ್ಸರಿಗಳನ್ನೂ ವಿಚಾರಿಸಿ. ಹೋಗುವ ಮುನ್ನ ಫೋನ್ ಮಾಡಿ, ಗಿಡ ಮುಗಿದಿರುವುದೂ ಉಂಟು.

ಖಾಸಗಿ ನರ್ಸರಿಯಾದರೆ ತಾಯಿಮರ ತೋರಿಸಲು ಕೇಳಿ. ಕಸಿಯ ಕಣ್ಣು ಯಾವ ಮರದ್ದೋ ಆ ಮರದ ರುಚಿಯೂ ರೋಗವೂ ಒಟ್ಟಿಗೇ ನಿಮ್ಮ ಮನೆಗೆ ಬರುತ್ತವೆ. ಆನ್‌ಲೈನ್ ಗಿಡದಲ್ಲಿ ಗಂಟು, ಎಲೆ, ಬೇರು ಯಾವುದನ್ನೂ ಮೊದಲೇ ನೋಡಲಾಗದು. ಹೂಗಿಡಕ್ಕೆ ಅದು ನಡೆಯುತ್ತದೆ, ಇಪ್ಪತ್ತು ವರ್ಷ ಬಾಳಬೇಕಾದ ಮರಕ್ಕೆ ನಡೆಯದು. ಬಿಲ್ಲು ಪಡೆಯಿರಿ, ಅದರಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ.

ಕೊಡಗಿನಲ್ಲೇ ಕಿತ್ತಳೆ ಕಡಿಮೆಯಾಯಿತಲ್ಲ, ಯಾಕೆ? ನಾವು ಹಾಕಿದರೂ ಸಾಯುತ್ತದಾ?

ಸಿದ್ದಾಪುರದ ಹತ್ತಿರ ನಮ್ಮ ಸೋದರಮಾವನ ತೋಟದಲ್ಲಿ ಕಾಫಿಗಿಂತ ಕಿತ್ತಳೆಯ ಮಾತೇ ಹೆಚ್ಚಾಗಿದ್ದ ಕಾಲ ನನಗೆ ನೆನಪಿದೆ. ಆಮೇಲೆ ಒಂದೊಂದೇ ಮರ ತುದಿಯಿಂದ ಒಣಗುತ್ತಾ ಬಂತು. ಇದಕ್ಕೆ ಒಂದೇ ಕಾರಣ ಅಂತ ಇಲ್ಲ. ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗ, ಗಿಡಹೇನು ಹರಡುವ ಟ್ರಿಸ್ಟೆಜಾ ವೈರಸ್, ಬೇರು ಕೊಳೆಸುವ ಫೈಟಾಫ್ತೊರಾ, ಇವು ಒಂದರ ಹಿಂದೆ ಒಂದು ಬಿದ್ದವು. ಗ್ರೀನಿಂಗ್ ಹತ್ತಿದ ಮರದ ಹಣ್ಣು ಸಣ್ಣದಾಗಿ, ಒಂದು ಪಕ್ಕ ಸೊಟ್ಟಗಾಗಿ, ಕೆಳತುದಿ ಹಸಿರಾಗಿಯೇ ಉಳಿಯುತ್ತದೆ. ಅದಕ್ಕೆ ಮದ್ದಿಲ್ಲ, ಮರ ತೆಗೆಯಬೇಕು.

ಹೆದರಿ ಕೈಬಿಡಬೇಡಿ. ರೋಗವಿಲ್ಲದ ಗಿಡ ತಂದು, ಚಿಗುರಿನಲ್ಲಿ ಕೂತು ಗ್ರೀನಿಂಗ್ ಹರಡುವ ಸಿಲ್ಲಾ ಜಿಗಿಹುಳುವನ್ನು ಹದ್ದುಬಸ್ತಿನಲ್ಲಿಟ್ಟರೆ ಹಿತ್ತಲ ಮರ ಬಹಳ ಕಾಲ ಬಾಳುತ್ತದೆ. ಎಲೆಯ ಮೇಲೆ ಹಿಂಭಾಗ ಎತ್ತಿಕೊಂಡು ಓರೆಯಾಗಿ ಕೂತ ಸಣ್ಣ ಕಂದು ಹುಳು ಅದು. ಚಿಗುರು ಬಂದಾಗಲೆಲ್ಲ ಬೇವಿನೆಣ್ಣೆ ಸಿಂಪಡಿಸಿ.

ಕರಿಬೇವಿನ ಗಿಡ ಪಕ್ಕದಲ್ಲಿದೆ, ತೊಂದರೆಯಾ?

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕಾದ ಪ್ರಶ್ನೆ. ಆ ಜಿಗಿಹುಳುವಿಗೆ ಕರಿಬೇವಿನ ಚಿಗುರೂ ಇಷ್ಟ, ಬೇಲಿಗೆ ಹಾಕುವ ಕಾಮಿನಿ ಗಿಡವಂತೂ ಇನ್ನೂ ಇಷ್ಟ. ಕರಿಬೇವು ಕಡಿಯಿರಿ ಅಂತ ನಾನು ಹೇಳಲಾರೆ, ಯಾರೂ ಕೇಳುವುದೂ ಇಲ್ಲ. ಹಿತ್ತಲಿನ ಎರಡು ತುದಿಗೆ ಎರಡನ್ನೂ ಇಡಿ, ಕಿತ್ತಳೆಯಂತೆ ಕರಿಬೇವಿನ ಚಿಗುರನ್ನೂ ಆಗಾಗ ನೋಡುತ್ತಿರಿ.

ಒಂದೇ ಗಿಡ ಇದ್ದರೆ ಕಾಯಿ ಕಟ್ಟುತ್ತದಾ?

ಕಟ್ಟುತ್ತದೆ. ಕೊಡಗಿನ ಕಿತ್ತಳೆಗೂ ನಾಗಪುರ ಸಂತ್ರಕ್ಕೂ ಜೊತೆ ಬೇಕಿಲ್ಲ.

ನೆಡುವ ಕ್ರಮ ಹೇಳಿ.

ಜೂನ್, ಜುಲೈ ಒಳ್ಳೆಯ ಕಾಲ. ಎರಡಡಿ ಉದ್ದ, ಅಗಲ, ಆಳದ ಗುಂಡಿ, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರವಿರಲಿ. ಗಂಟು ನೆಲದಿಂದ ಮೇಲಿರಲಿ, ಬುಡಕ್ಕೆ ಮಣ್ಣು ಏರಿಸಬೇಡಿ, ನೀರು ಕಾಂಡಕ್ಕೆ ತಾಗದಂತೆ ಪಾತಿ ಸ್ವಲ್ಪ ದೂರಕ್ಕೆ ಮಾಡಿ. ಮಳೆಗಾಲಕ್ಕೆ ಮುಂಚೆ ಕಾಂಡಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್ ಅದರ ಲೆಕ್ಕ, ಒಂದೆರಡು ಗಿಡಕ್ಕೆ ಇದರ ಇಪ್ಪತ್ತರಲ್ಲೊಂದು ಪಾಲು ಸಾಕು. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು, ಒಂದು ಗಿಡಕ್ಕೆ ಔಷಧಿ ಬೇಡ, ಕೈಯಲ್ಲೇ ತೆಗೆಯಿರಿ.

ತಾರಸಿಯಲ್ಲಿ ಬೆಳೆಯಬಹುದಾ?

200 ಲೀಟರ್ ಡ್ರಮ್ಮನ್ನು ಅಡ್ಡಕ್ಕೆ ಅರ್ಧ ಕತ್ತರಿಸಿದಷ್ಟು ದೊಡ್ಡ ಪಾತ್ರೆ ಇದ್ದರೆ, ತಳಕ್ಕೆ ತೂತುಗಳಿದ್ದರೆ, ಆಗುತ್ತದೆ. ಕಸಿ ಗಿಡವೇ ಇರಲಿ. ಡ್ರಮ್ಮಿನ ಮಣ್ಣಲ್ಲಿ ಸತು, ಮ್ಯಾಂಗನೀಸ್ ಬೇಗ ಖಾಲಿಯಾಗುತ್ತವೆ. ಹೆಸರಘಟ್ಟದ ಸಂಸ್ಥೆ ರೂಪಿಸಿದ ಸಿಟ್ರಸ್ ಸ್ಪೆಷಲ್ ಎಂಬ ಲಘು ಪೋಷಕಾಂಶದ ಪುಡಿ ಇದಕ್ಕೆ ಒಳ್ಳೆಯದು.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಊರಿಂದ ಕಿತ್ತಳೆ ಸಸಿ ತೆಗೆದುಕೊಂಡು ಹೋಗಬಹುದಾ?

ಬೇಡಮ್ಮ, ಖಂಡಿತ ಬೇಡ. ಅದು ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಕೊಡಗಿನ ತೋಟಗಳಿಗೆ ಆದದ್ದು ಅಲ್ಲಿಗೂ ಆಗುವುದು ಬೇಡ. ಅದೇ ಜಿಗಿಹುಳು ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ, ಗ್ರೀನಿಂಗ್ ರೋಗ 2012ರಲ್ಲಿ ಪತ್ತೆಯಾಗಿವೆ. ಅಲ್ಲಿ ನಿರ್ಬಂಧಿತ ಪ್ರದೇಶಗಳಿಂದ ನಿಂಬೆ ಜಾತಿಯ ಗಿಡಗಳನ್ನಷ್ಟೇ ಅಲ್ಲ, ಕರಿಬೇವಿನ ಗಿಡವನ್ನೂ ಮನಸ್ಸಿಗೆ ಬಂದಂತೆ ಸಾಗಿಸುವ ಹಾಗಿಲ್ಲ.

ಅಲ್ಲಿಯದೇ ಪರವಾನಗಿ ಇರುವ ನರ್ಸರಿಯಲ್ಲಿ ಒಳ್ಳೆಯ ತಳಿಗಳು ಸಿಗುತ್ತವೆ. ಚಳಿ ಜಾಸ್ತಿ ಇರುವ ಊರಾದರೆ ಸತ್ಸುಮಾ, ಬೀಜವಿಲ್ಲದ್ದು, ಚಳಿ ತಡೆಯುತ್ತದೆ. ಬೀಜ ಬೇಡವೆಂದಾದರೆ ಟ್ಯಾಂಗೋ. ಕ್ಲೆಮೆಂಟೈನ್ ಒಂಟಿಯಾಗಿದ್ದರೆ ಬೀಜ ಕಡಿಮೆ, ಜೇನ್ನೊಣ ಬೇರೆ ತಳಿಯ ಪರಾಗ ತಂದರೆ ಬೀಜ ಕಟ್ಟುತ್ತದೆ. ಊರಿನ ರುಚಿಗೆ ಹತ್ತಿರದ್ದು ಬೇಕೆಂದರೆ ಪೊಂಕನ್ ಹುಡುಕಲು ಹೇಳಿ, ಸಡಿಲ ಸಿಪ್ಪೆ, ದೊಡ್ಡ ತೊಳೆ.

ಹಣ್ಣು ಯಾವಾಗ ಕೀಳುವುದು?

ಕಿತ್ತಳೆ ಬಾಳೆಯಂತಲ್ಲ, ಕಿತ್ತಿಟ್ಟ ಮೇಲೆ ಸಿಹಿಯಾಗುವುದಿಲ್ಲ. ಬಣ್ಣ ನೋಡಿ ಅವಸರಪಡದೆ ಒಂದು ಹಣ್ಣು ಸುಲಿದು ರುಚಿ ನೋಡಿ, ಹುಳಿ ಇದ್ದರೆ ಉಳಿದವನ್ನು ಇನ್ನೊಂದು ವಾರ ಮರದಲ್ಲೇ ಬಿಡಿ. ಕೈಯಲ್ಲಿ ಎಳೆಯಬೇಡಿ, ಸಡಿಲ ಸಿಪ್ಪೆ ತೊಟ್ಟಿನ ಬಳಿ ಹರಿದು ಹಣ್ಣು ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಇಬ್ಬನಿ ಆರಿದ ಮೇಲೆ, ಕತ್ತರಿಯಿಂದ, ತೊಟ್ಟಿನ ಚೂರು ಹಣ್ಣಿಗೇ ಉಳಿಯುವಂತೆ ಕತ್ತರಿಸಿ.